ನೆತ್ತಿಗೇರಿದ ಕಣ್ಣು

ಗಂಡನ ಅಂಗಿಯ ಮೇಲಿನ ಸಾರಿನ ಕಲೆ ತೊಳೆದು ತೊಳೆದು ಖದೀಜಮ್ಮನಿಗೆ ಸಾಕಾಗಿತ್ತು. ಒಂದು ವರ್ಷದಿಂದ ಅಲಿಯಬ್ಬ ಬಟ್ಟಲನ್ನು ನೋಡದೆ ಉಣ್ಣುತ್ತಿದ್ದ. ಕೈ ಅನ್ನ ಬಿಟ್ಟು ಮೇಜನ್ನು ತಡಕುತ್ತಿತ್ತು. ಜಗಲಿಯಲ್ಲಿ ಕುಳಿತವರನ್ನೂ ಗಮನಿಸದೆ ದಾಟಿ ಹೋಗುತ್ತಿದ್ದ. ಮಗ ದುಬೈಯಲ್ಲಿ ದುಡಿದು ಹೊಸ ಮನೆ ಕಟ್ಟಿಸಿದ ಮೇಲೆ ಅಲಿಯಬ್ಬ ಬ್ಯಾರಿಯ ಕಣ್ಣು ನೆತ್ತಿಗೇರಿದೆ ಎಂದು ಕಾಪುವಿನ ಜನ ಆಡಿಕೊಂಡರು. ಖದೀಜಮ್ಮನೂ ಒಮ್ಮೆ ಅದನ್ನೇ ಹೇಳಿದ್ದಳು, ಅವನ ಎದುರಿಗೇ.

ಸೊಸೆ ಶಿಫಾನಾ ಚಮಚದಲ್ಲಿ ತಿನ್ನಿಸತೊಡಗಿದ ಮೇಲೆ ಅವನು ಅರ್ಧ ಊಟಕ್ಕೇ ಬಾಯಿ ಮುಚ್ಚುತ್ತಿದ್ದ.

"ನಾನು ನನ್ನ ಕೈಯಿಂದಲೇ ಉಣ್ಣಬೇಕು. ಅಷ್ಟೇ ಸಾಕು," ಎಂದ, ಮಣಿಪಾಲದ ಡಾಕ್ಟರ್ ಜೆನಿಫರ್ ಹತ್ತಿರ.

"ಅಜ್ಜಿಯ ಅಡುಗೆ ಅಷ್ಟು ರುಚಿಯಾ ಅಜ್ಜಾ?"

"ಉಪ್ಪು ಸ್ವಲ್ಪ ಜಾಸ್ತಿ."

ಡಾಕ್ಟರ್ ಪೆನ್ನು ಹಿಡಿದು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಕಣ್ಣು ನಿಧಾನವಾಗಿ ಹಿಂಬಾಲಿಸಿತು. ಪೆನ್ನು ಕೆಳಗಿಳಿದಾಗ ಮಾತ್ರ ಅಲ್ಲೇ ನಿಂತಿತು.

"ಈಗ ನನ್ನ ಮೂಗನ್ನೇ ನೋಡಿ," ಎಂದು ಅವನ ತಲೆಯನ್ನು ಎರಡೂ ಕೈಗಳಿಂದ ಹಿಡಿದು ಮೆಲ್ಲಗೆ ಹಿಂದಕ್ಕೆ ಬಾಗಿಸಿದಳು. ಮೂಗಿನ ಮೇಲಿಟ್ಟ ನೋಟ ಕದಲಲಿಲ್ಲ; ತಲೆ ಹಿಂದೆ ಹೋದಷ್ಟೂ ಕಣ್ಣುಗುಡ್ಡೆಗಳು ಕೆಳಗಿಳಿದವು.

"ಇಳೀತು ಅಲ್ವಾ!" ಪಕ್ಕದಲ್ಲಿ ಕುಳಿತಿದ್ದ ಖದೀಜಮ್ಮ ಎದ್ದೇಬಿಟ್ಟಳು. "ಹಾಗಾದ್ರೆ ಇಷ್ಟು ದಿನ ಬೇಕಂತಲೇ ಮಾಡಿದ್ದಾ?"

"ಅಲ್ಲಮ್ಮ. ತಲೆ ಅಲ್ಲಾಡಿದಾಗ ಮೆದುಳು ಕಣ್ಣನ್ನು ತಾನಾಗಿ ತಿರುಗಿಸ್ತದೆ. ಆ ದಾರಿ ಸರಿ ಉಂಟು. ನಾವಾಗಿ ಕೆಳಗೆ ನೋಡ್ಲಿಕ್ಕೆ ಬೇರೆ ದಾರಿ. ಇವರದ್ದು ಅದು ಕೆಟ್ಟಿದೆ. ಕುತ್ತಿಗೆಯೂ ಬಿಗಿದಿದೆ, ಮುಂದಕ್ಕೆ ಬಗ್ಗುವುದಿಲ್ಲ."

"ಮದ್ದು?"

"ಗುಣ ಮಾಡುವ ಮದ್ದು ಇಲ್ಲ."

ಉಡುಪಿಯಲ್ಲಿ ಬದಲಿಸಿದ ಬಸ್ಸು ಕಾಪುವಿನಲ್ಲಿ ನಿಂತಿತು. ಖದೀಜಮ್ಮ ಮೊದಲು ಇಳಿದು, "ಕೆಳಗೆ ನೋ..." ಎಂದವಳು ತಡೆದುಕೊಂಡಳು. ಹಿಂದಿನವರು ಗೊಣಗುತ್ತಿದ್ದರು.

"ಇನ್ನು ಎರಡು ಮೆಟ್ಟಿಲು. ಹಾಂ. ಇನ್ನೊಂದು," ಎಂದು ಅವನ ಕಾಲನ್ನು ಹಿಡಿದು ಇಳಿಸಿದಳು.

ಮಧ್ಯಾಹ್ನ ಶಿಫಾನಾ ಚಮಚ ತಂದಳು.

"ಅದು ಬೇಡ," ಎಂದ ಖದೀಜಮ್ಮ ಮೇಜಿನ ಮೇಲೆ ದೊಡ್ಡ ಅನ್ನದ ಪಾತ್ರೆಯನ್ನು ಬೋರಲು ಹಾಕಿ, ಅದರ ಮೇಲೆ ಬಟ್ಟಲಿಟ್ಟಳು. ಬಟ್ಟಲು ಅವನ ಗಲ್ಲದ ಮಟ್ಟಕ್ಕೆ ಬಂತು.

ಅಲಿಯಬ್ಬ ಬಹಳ ಹೊತ್ತು ಅದನ್ನೇ ನೋಡಿದ.

"ಬಂಗುಡೆ ಮೀನಾ?"

"ಎಂತ, ವರ್ಷವಿಡೀ ನಾನು ಕಲ್ಲು ಬೇಯಿಸಿ ಹಾಕಿದ್ದಾ?"

ಅವನ ಕೈ ನಿಧಾನವಾಗಿ ಮೇಲೆದ್ದು ಅನ್ನವನ್ನು ಮುಟ್ಟಿತು. ತುತ್ತು ಬಾಯಿ ಸೇರುವಷ್ಟರಲ್ಲಿ ಸಾರು ಎಂದಿನಂತೆ ಅಂಗಿಯ ಮೇಲೆ ಇಳಿಯಿತು. ಖದೀಜಮ್ಮ ಎದುರಿನ ಕುರ್ಚಿ ಎಳೆದು ಕುಳಿತಳು.