ನನಗೆ ವರ್ಗ ಆಗಿದೆ

ಅಣ್ಣ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾನೆ. ಭಾನುವಾರ ಮಧ್ಯಾಹ್ನ ನಮ್ಮನ್ನು ಬಾಹ್ಯಾಕಾಶಕ್ಕೆ ಕಳಿಸುತ್ತಾನೆ. ಊಟದ ಮೇಜು ಒರೆಸಿ, ದಾಳ ಹರಡಿ, ಅವನು ಕತೆ ನಡೆಸುವುದು, ಹಡಗಿನ ಸಿಬ್ಬಂದಿಯಾದ ನಾವು ಮೂವರು ದಾಳ ಹಾಕಿ ಸಾಯುವುದೋ ಬದುಕುವುದೋ ಮಾಡುವುದು. ಇಷ್ಟೇ ಆಟ. ನಿಯಮಗಳ ಪುಸ್ತಕವನ್ನು ಅವನೇ ಕನ್ನಡಕ್ಕೆ ತಂದಿದ್ದಾನೆ. ಪಾತ್ರದ ಹಾಳೆಯಲ್ಲಿ ಯಾರು ಯಾವ ಕೆಲಸದವರು ಎಂದು ಬರೆಯುವ ಜಾಗಕ್ಕೆ ‘ವರ್ಗ’ ಎಂದು ಹೆಸರಿಟ್ಟಿದ್ದಾನೆ.

ಆ ದಿನ ಹೊಸ ಕತೆ ಶುರುವಾಗಬೇಕಿತ್ತು. ಅತ್ತಿಗೆ ಕ್ಯಾಪ್ಟನ್ ಆದಳು. ಮನೆಯಲ್ಲೂ ಅವಳದ್ದು ಅದೇ ಹುದ್ದೆ. ಸೋಫಾ ಬಿಟ್ಟು ಏಳದ ತಮ್ಮ ಕಮಾಂಡೊ ಆದ. ನನ್ನ ಹಾಳೆ ಮಾತ್ರ ಕೈಗೆ ಬರುವಾಗಲೇ ತುಂಬಿತ್ತು. ವರ್ಗ: ವೈದ್ಯೆ.

ಇದು ನಾಲ್ಕನೇ ಸಲ. ನಾನು ವಿದ್ಯುತ್ ಮೀಟರ್ ಪರೀಕ್ಷಿಸುವ ಕಚೇರಿಯಲ್ಲಿ ಕೆಲಸ ಮಾಡುವವಳು. ಆದರೂ ಹಿಂದಿನ ಮೂರು ಕತೆಗಳಲ್ಲಿ ತಮ್ಮನ ತೊಡೆಗೆ ಹನ್ನೊಂದು ಸಲ ಹೊಲಿಗೆ ಹಾಕಿದ್ದೇನೆ. ಒಳಕೋಣೆಯಲ್ಲಿ ಅಮ್ಮ ಹಾಸಿಗೆ ಹಿಡಿದು ಎರಡೂವರೆ ವರ್ಷವಾಯಿತು, ಬಲಭಾಗಕ್ಕೆ ಸ್ವಾಧೀನವಿಲ್ಲ. ನಾವು ಕೆಲಸಕ್ಕೆ ಹೋದಾಗ ಆಯಾ ಇರುತ್ತಾಳೆ, ಉಳಿದ ಹೊತ್ತೆಲ್ಲ ನಾನು. ಅಲ್ಲೂ ನನ್ನ ವರ್ಗ ನನ್ನನ್ನು ಕೇಳದೆಯೇ ಭರ್ತಿಯಾಗಿತ್ತು.

ಆವತ್ತು ನನ್ನ ಬ್ಯಾಗಿನಲ್ಲಿ ಒಂದು ಆದೇಶವಿತ್ತು. ಸಮುದ್ರದ ದಡದ ಊರೊಂದರಲ್ಲಿ ಇಲಾಖೆ ತೆರೆದ ಹೊಸ ಪ್ರಯೋಗಾಲಯಕ್ಕೆ ಹಾಕಿಸಿಕೊಳ್ಳಲು ಎರಡು ಸಲ ಅರ್ಜಿ ಕೊಟ್ಟಿದ್ದೆ. ಎರಡೂ ಸಲ ಆಗುವುದಿಲ್ಲ ಎಂದಿದ್ದರು. ಮೂರನೆಯ ಸಲ ಹೂಂ ಎಂದಿದ್ದರು. ಗುರುವಾರ ಹಾಜರಾಗದಿದ್ದರೆ ಆ ಜಾಗ ಬೇರೆಯವರ ಪಾಲು. ಹೇಳಲೇಬೇಕಿತ್ತು.

“ನಂಗೆ ವರ್ಗ ಆಗಿದೆ,” ಎಂದೆ.

“ಗೊತ್ತಮ್ಮ, ನಾನೇ ಅಲ್ವಾ ಬರೆದಿರೋದು,” ಎಂದ ಅಣ್ಣ.

“ಅದಲ್ಲ. ದೂರ ಹೋಗ್ಬೇಕು.”

“ಓಹೋ, ಪೈಲಟ್ ಆಗ್ತೀಯಾ? ಯಾವ ಗ್ರಹಕ್ಕೆ ಸವಾರಿ?” ಎಂದು ತಮ್ಮ ಮೇಜು ಬಡಿದು ನಕ್ಕ. “ವೈದ್ಯೆ ಇಲ್ದೆ ಹಡಗು ಹೊರಡಲ್ಲ ಕಣೇ,” ಎಂದ ಅಣ್ಣ.

ಆದೇಶ ತೆಗೆದು ದಾಳಗಳ ಮೇಲೆ ಇಟ್ಟೆ. ಅಣ್ಣ ಎರಡು ಸಲ ಓದಿದ. ಅವನ ಮುಖ ನೋಡಿ ಉಳಿದವರ ನಗುವೂ ನಿಂತಿತು.

“ಅಮ್ಮನ್ನ ಯಾರು ನೋಡ್ಕೋತಾರೆ?” ಎಂದ.

“ನೀವು ಮೂರು ಜನ ಇದ್ದೀರಲ್ಲ.”

“ನಾವು ಕೆಲಸಕ್ಕೆ ಹೋಗೋರು,” ಎಂದಳು ಅತ್ತಿಗೆ. ನಾನೇನು ಆಫೀಸಿಗೆ ಗಾಳಿ ಸೇವನೆಗೆ ಹೋಗುತ್ತಿದ್ದೆನೇ? “ನಂಗೆ ಅದೆಲ್ಲ ಬರಲ್ಲ ಅಕ್ಕಾ,” ಎಂದ ತಮ್ಮ. ಹಿಂದಿನ ವಾರವಷ್ಟೇ ಒಂಟಿ ಕೈಯಲ್ಲಿ ಆರು ದರೋಡೆಕೋರರನ್ನು ಮಲಗಿಸಿದ್ದ ವೀರ.

ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಬಂತು. ಅವಳ ಮಾತು ತೊದಲುತ್ತದೆ, ಕಿವಿ ಮಾತ್ರ ಚುರುಕು.

“ಹೋದ ಎರಡು ಸಲ ಅವಳ ಸಾಹೇಬ್ರ ಹತ್ರ ಮಾತಾಡಿ ನಿಲ್ಸಿದ್ಯಲ್ಲೋ. ಈ ಸಲ ಯಾಕೋ ಬಿಟ್ಟೆ?”

ಅಣ್ಣ ತಲೆ ತಗ್ಗಿಸಿ ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ. ಆ ಸಾಹೇಬರು ಹೋಗಿ ಬೇರೆಯವರು ಬಂದದ್ದು, ನಾನು ಮತ್ತೆ ಅರ್ಜಿ ಕೊಟ್ಟದ್ದು ಎರಡೂ ಅವನಿಗೆ ತಿಳಿದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೆಲಸದಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಎರಡು ವರ್ಷ ಒಂದು ರಜೆಯನ್ನೂ ಹಾಕದೆ ಕತ್ತೆಯ ಹಾಗೆ ದುಡಿದಿದ್ದೆ.

“ನಿನ್ನ ಒಳ್ಳೇದಕ್ಕೇ ಕಣೇ ಮಾಡಿದ್ದು. ಗೊತ್ತಿಲ್ಲದ ಊರಲ್ಲಿ ಒಬ್ಳೇ ಹೆಣ್ಣು...”

“ಎದ್ದೇಳು,” ಎಂದೆ. “ನಾಲ್ಕು ಗಂಟೆ ಆಯ್ತು. ಅಮ್ಮನ ಮಗ್ಗುಲು ಬದಲಾಯಿಸ್ಬೇಕು.”

ಅವನು ಕೋಣೆಯ ಬಾಗಿಲಲ್ಲೇ ನಿಂತ. ತೋಳು ಹಿಡಿದು ಒಳಗೆ ಎಳೆದುಕೊಂಡೆ. ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಎಂದು ತೋರಿಸಿ, ಅವನ ಕೈಗಳನ್ನು ನನ್ನ ಕೈಗಳ ಪಕ್ಕದಲ್ಲೇ ಇಡಿಸಿದೆ. ಇಬ್ಬರೂ ಸೇರಿ ಅರ್ಧ ಎತ್ತುವಷ್ಟರಲ್ಲಿ ಅವನ ಹಣೆ ಬೆವರಿತು.

ಅಮ್ಮ ಅವನ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಪಾಪ, ಅವನಿಗ್ಯಾಕೆ ಕಷ್ಟ ಕೊಡ್ತೀಯೇ?”

ಎರಡೂವರೆ ವರ್ಷದಲ್ಲಿ ಆ ‘ಪಾಪ’ ಒಮ್ಮೆಯೂ ನನ್ನ ಪಾಲಿಗೆ ಬಂದಿರಲಿಲ್ಲ. ನಾನು ಕೈ ತೆಗೆದೆ. ಅಮ್ಮನ ಭಾರವೆಲ್ಲ ಅವನ ತೋಳಿಗೆ ಬಿತ್ತು, ಅವನು ಹಿಡಿದುಕೊಳ್ಳಲೇಬೇಕಾಯಿತು.