ಮೂರು ಲೋಟ ಬೇಳೆಕಟ್ಟು

೧೯೫೮ರಲ್ಲಿ ಗದ್ದೆ ನಾಟಿ ಮುಗಿಯುವ ಹೊತ್ತಿಗೆ ನಿರ್ಮಲಮ್ಮ ಸರ್ಕಾರಿ ಮಿಡ್‌ವೈಫ್ ಆಗಿ ಸೊರಬಕ್ಕೆ ಬಂದಳು. ತವರು ಶಿಕಾರಿಪುರ. ಅಪ್ಪ ಸದಾಶಿವಪ್ಪನದು ಅಳಲೆಕಾಯಿ ವ್ಯಾಪಾರ. ಚರ್ಮ ಹದ ಮಾಡುವವರು ಅವನ ಅಂಗಡಿಯಿಂದಲೇ ಮೂಟೆಗಟ್ಟಲೆ ಒಯ್ಯುತ್ತಿದ್ದರು. ಅಳಲೆ ನೀರು ಕುಡಿದ ಚರ್ಮ ಕೊಳೆಯುವುದಿಲ್ಲ ಎಂಬುದನ್ನು ಅವಳು ಲಂಗ ತೊಡುವ ವಯಸ್ಸಿನಲ್ಲೇ ಕಂಡಿದ್ದಳು.

ಗುಡವಿ ಹತ್ತಿರದ ಹಳ್ಳಿಯೊಂದರಲ್ಲಿ ವರದಮ್ಮನೆಂಬವಳ ಸೊಸೆ ತುಂಬು ಬಸುರಿ. ಹುಟ್ಟುವ ಕೂಸಿನ ಹೊಕ್ಕುಳಿಗೆ ಹಚ್ಚಲೆಂದು ವರದಮ್ಮ ಬೇಲದ ಹಣ್ಣಿನ ತಿರುಳು ಅರೆದಿಟ್ಟಿದ್ದಳು. ಹಿಂದಿನ ವರ್ಷ ಸೊಸೆಯ ಮೊದಲ ಕೂಸು ಹೊಕ್ಕುಳು ಕೀವಾಗಿ ಎಂಟನೇ ದಿನಕ್ಕೆ ತೀರಿಕೊಂಡಿತ್ತು. ಬಸುರಿಯನ್ನು ನೋಡಲು ಬಂದ ನಿರ್ಮಲಮ್ಮ ಇದನ್ನು ಕೇಳಿ, ಈ ಸಲ ತಿರುಳು ಹಚ್ಚಬೇಡಿ ಎಂದಳು.

"ಅದು ಹಣೆಬರಹ. ಈ ಔಷಧಿ ನಮ್ಮತ್ತೆ ಕಾಲದ್ದು," ಎಂದಳು ವರದಮ್ಮ.

ನಿರ್ಮಲಮ್ಮ ವಾದಕ್ಕೆ ನಿಲ್ಲಲಿಲ್ಲ. "ಹೆರಿಗೆಗೆ ಇನ್ನೂ ವಾರ ಐತೆ. ಅಷ್ಟ್ರಲ್ಲಿ ನಿಮ್ಮ ಔಷಧಿ ಕೊಳೆಯೋದನ್ನ ತಡೀತದಾ ನೋಡೇಬಿಡೋಣ್ರೀ," ಎಂದು ಬೇಳೆ ಬೇಯಿಸಿದ ಕಟ್ಟನ್ನು ಮೂರು ಲೋಟಕ್ಕೆ ಬಸಿದಳು. ಒಂದಕ್ಕೆ ಏನನ್ನೂ ಹಾಕಲಿಲ್ಲ. ಇನ್ನೊಂದಕ್ಕೆ ಬೇಲದ ತಿರುಳು ಕದಡಿದಳು. ಮತ್ತೊಂದಕ್ಕೆ ಅಳಲೆಕಾಯಿ ಸಿಪ್ಪೆಯನ್ನು ಕುದಿಸಿ ಬತ್ತಿಸಿದ ಕಷಾಯ ಸುರಿದಳು. ಬಾಯಿಗೆ ಬಟ್ಟೆ ಕಟ್ಟಿ, ಯಾರೂ ಮುಟ್ಟಬಾರದೆಂದು ಹೇಳಿ ಹೋದಳು.

ಮೂರನೇ ದಿನ ನಿರ್ಮಲಮ್ಮನೆದುರೇ ವರದಮ್ಮ ಬಟ್ಟೆ ಬಿಚ್ಚಿದಳು. ಬರಿ ಕಟ್ಟು ಹಳಸಿತ್ತು. ಬೇಲ ಹಾಕಿದ್ದು ನೊರೆಯೆದ್ದು ಮೂಗು ಮುಚ್ಚುವಷ್ಟು ನಾರುತ್ತಿತ್ತು. ಅಳಲೆಯ ಲೋಟದಲ್ಲಿ ಒಗರು ವಾಸನೆ ಬಿಟ್ಟರೆ ಏನಿಲ್ಲ. ವರದಮ್ಮ ಬೇಲದ ಲೋಟವನ್ನು ಮತ್ತೊಮ್ಮೆ ಮೂಸಿ ಅಲ್ಲೇ ಕುಳಿತಳು.

"ಇದನ್ನೇ ಅಲ್ದಾ ನಾನು ಆ ಕೂಸಿಗೆ ಹಚ್ಚಿದ್ದು."

ನಿರ್ಮಲಮ್ಮ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಳು.

ವರದಮ್ಮ ಅಳಲೆಯ ಲೋಟದತ್ತ ನೋಡಿ ಕೇಳಿದಳು: "ಹಂಗಾರೆ ಈ ಸಲ ಅಳಲೆ ಹಚ್ಚಲಾ?"

"ಬ್ಯಾಡ್ರಿ. ಲೋಟದಾಗೆ ಗೆದ್ದಿದ್ದು ಕೂಸಿನ ಮೈಮೇಲೂ ಗೆಲ್ತದೆ ಅಂತ ನಾನು ಹೇಳಲಾರೆ. ಹೊಕ್ಕುಳಿಗೆ ಏನೂ ಬ್ಯಾಡ, ಒಣಗಿರ್ಲಿ. ದಾರ, ಬ್ಲೇಡು ಕುದಿಸಬೇಕು, ಕೈ ಸೋಪಿನಾಗೆ ತೊಳೀಬೇಕು. ನಿಮ್ಮ ಕಾಲ್ಬೆರಳ ಸಂದಿಯ ಕೆಸರುಹುಣ್ಣು ಐತಲ್ಲ, ಅದನ್ನ ಈ ಕಷಾಯದಾಗೆ ತೊಳೆದು ನೋಡ್ರಿ."

ಹೆಣ್ಣುಕೂಸು ಹುಟ್ಟಿತು. ಆರನೇ ದಿನ ಹೊಕ್ಕುಳಬಳ್ಳಿ ಒಣಗಿ ತಾನಾಗಿ ಬಿದ್ದಿತು. ಅಷ್ಟರಲ್ಲಿ ವರದಮ್ಮನ ಕಾಲಿನ ಹುಣ್ಣೂ ಮಾಯುತ್ತ ಬಂದಿತ್ತು.

ಮುಂದಿನ ತಿಂಗಳು ಪಕ್ಕದ ಮನೆಯ ಕಲ್ಲಪ್ಪನ ಹೆಂಡತಿಗೆ ಹೆರಿಗೆ ನೋವು ಬಂತು. ನಿರ್ಮಲಮ್ಮ ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಬಾಗಿಲಿಗೆ ಅಡ್ಡ ನಿಂತಿದ್ದ ವರದಮ್ಮ, ಒಳಹೋಗಲು ಬಂದ ಒಬ್ಬೊಬ್ಬ ಹೆಂಗಸಿಗೂ, "ಮೊದ್ಲು ಕೈ ತೋರ್ಸು," ಎನ್ನುತ್ತಿದ್ದಳು.