ಹೆಂಗಸರ ಮಹಡಿಯಲ್ಲಿ ಮಾಮಿರ್

ಶ್ವಾಸಕೋಶದ ಕಾಯಿಲೆ ಎಂದು ಊರಿಗೆಲ್ಲ ಹೇಳಿ ಬಂದಿದ್ದ ಮಾಮಿರ್. ಅದು ಗಂಡಸಿಗೆ ಒಪ್ಪುವ ರೋಗ. ಗಂಡಸು ಸೇದುತ್ತಾನೆ, ದೂಳು ಕುಡಿಯುತ್ತಾನೆ, ಮೈ ಕೊರೆಯುವ ಚಳಿಯಲ್ಲಿ ಕುದುರೆ ಮೇಲೆ ಕೂತಿರುತ್ತಾನೆ, ಒಂದು ದಿನ ಕೆಮ್ಮುತ್ತಾನೆ. ಜನ ತಲೆಯಾಡಿಸಿ ಒಪ್ಪಿಕೊಳ್ಳುತ್ತಾರೆ. ಮೊಲೆಯ ಕ್ಯಾನ್ಸರ್ ಎಂದರೆ ಯಾರು ಒಪ್ಪುತ್ತಾರೆ? ಅವನೇ ಒಪ್ಪಿರಲಿಲ್ಲ. ಎಡಗಡೆಯ ತೊಟ್ಟಿನ ಹಿಂದೆ ಗಟ್ಟಿಯಾಗಿ ಏನೋ ಕೂತಿದ್ದನ್ನು ಕುದುರೆ ಒದ್ದ ಗುರುತು ಎಂದು ಹೆಂಡತಿ ಬಾತ್ಮಾಳಿಗೆ ಹೇಳುತ್ತಲೇ ಎರಡು ಚಳಿಗಾಲ ದಾಟಿಸಿದ್ದ.

"ಗಂಡಸರಿಗೂ ಮೊಲೆ ಇರುತ್ತೆ, ಅಣ್ಣಾ. ಉಪಯೋಗ ಇಲ್ಲ ಅಷ್ಟೆ," ಎಂದಿದ್ದಳು ಓಶ್ ನಗರದ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರು. ಅವನ ಮಗಳ ವಯಸ್ಸಿನವಳು. ಹಾಗೆ ಹೇಳುವಾಗ ಅವಳು ನಗಲಿಲ್ಲ. ನಕ್ಕಿದ್ದರೆ ಎದ್ದು ಬಂದುಬಿಡಬಹುದಿತ್ತು.

ಕೊಯ್ದರು. ತೊಟ್ಟು, ಗಂಟು, ಕಂಕುಳಿನವರೆಗಿನ ಮಾಂಸ ಎಲ್ಲ ಹೋಯಿತು. ಗಾಯದೊಳಗಿಂದ ಒಂದು ರಬ್ಬರ್ ಕೊಳವೆ ಹೊರಬಂದು ಪ್ಲಾಸ್ಟಿಕ್ ಸೀಸೆಯಲ್ಲಿ ಮುಗಿಯುತ್ತಿತ್ತು. ಒಳಗಿನ ಕೆಟ್ಟ ನೀರು ಕೆಂಪಗೆ ಅದರಲ್ಲಿ ತುಂಬುತ್ತಿತ್ತು. ಈ ಆಪರೇಷನ್ನಿಗೆ ಇದ್ದದ್ದು ಒಂದೇ ಮಹಡಿ, ಅದು ಹೆಂಗಸರದು. ಗಂಡಸನ್ನು ಅವರ ನಡುವೆ ಮಲಗಿಸುವ ಹಾಗಿಲ್ಲವೆಂದು ಬಟ್ಟೆ ಇಡುವ ಕೋಣೆಯನ್ನು ಖಾಲಿ ಮಾಡಿ ಮಂಚ ಹಾಕಿಕೊಟ್ಟರು. ಕಕ್ಕಸಿಗೆ ಹೋಗಬೇಕೆಂದರೆ ಇಡೀ ಕಾರಿಡಾರು ದಾಟಬೇಕು. ಮಾಮಿರ್ ಗೋಡೆ ಕಡೆ ಮುಖ ಮಾಡಿಕೊಂಡು ಅಡ್ಡಡ್ಡ ನಡೆಯುತ್ತಿದ್ದ. ಒಂದು ಕಾಲಕ್ಕೆ ಇಪ್ಪತ್ತು ಕುದುರೆಗಳ ನೂಕಾಟದೊಳಗೆ ನುಗ್ಗಿ, ನೆಲಕ್ಕೆ ಬಾಗಿ, ತಲೆ ಕಡಿದ ಹೋತವನ್ನು ಒಂದೇ ಕೈಯಲ್ಲಿ ಎತ್ತಿ ತೊಡೆಯಡಿ ಸಿಕ್ಕಿಸಿಕೊಂಡು ಕುದುರೆ ಹಾರಿಸುತ್ತಿದ್ದವನು. ಆ ಕುದುರೆಯಾಟದಲ್ಲಿ ಗುಲ್ಚಾ ಕಣಿವೆಯಲ್ಲೆಲ್ಲ ಅವನ ಹೆಸರಿತ್ತು.

ಹೆಂಗಸರು ಮೊದಲ ದಿನ ಬಾಗಿಲು ಮುಚ್ಚಿಕೊಂಡರು. ಎರಡನೇ ದಿನ ಇಣುಕಿದರು. ಮೂರನೇ ದಿನ ಹವಾಖಾನ್ ಎಂಬಾಕೆ ಹೊಸ್ತಿಲ ಆಚೆಯೇ ನಿಂತು ಕೆಮ್ಮಿದಳು. ನಗರದ ಅಂಚಿನ ಉಜ್ಬೆಕ್ ಕೇರಿಯ ವಿಧವೆ, ಹೊಲಿಗೆ ಕೆಲಸದವಳು.

"ಅಕಾ," ಎಂದಳು, ತನ್ನ ಭಾಷೆಯಲ್ಲಿ ಅಣ್ಣನನ್ನು ಕರೆಯುವ ಹಾಗೆ, "ಸೀಸೆ ಕೈಯಲ್ಲಿ ಹಿಡ್ಕೊಂಡು ಓಡಾಡ್ತೀರಿ. ಜಗ್ಗಿದ್ರೆ ಹೊಲಿಗೆ ಕಿತ್ತುಬರುತ್ತೆ. ತಗೊಳ್ಳಿ."

ಚೀಲ. ಆ ಮಹಡಿಯ ಹೆಂಗಸರೆಲ್ಲ ತಮ್ಮ ಸೀಸೆಗೆ ಹಳೇ ಉಡುಪಿನ ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಇವನದ್ದು ನೇರಳೆ ಬಣ್ಣದ್ದು, ಮೇಲೆ ಹಳದಿ ಹೂವು.

"ಬೇರೆ ಬಟ್ಟೆ ಇರಲಿಲ್ವಾ?"

"ಇತ್ತು. ಅದರಲ್ಲಿ ಗುಲಾಬಿ ಹೂವಿತ್ತು."

ಮಾಮಿರ್ ಅದನ್ನು ಅಂಗಿಯೊಳಗೆ ಹಾಕಿಕೊಂಡ. ನೋವು ಅರ್ಧ ಇಳಿಯಿತು. ಆಮೇಲೆ ಅವಳು ದಿನವೂ ಬರುತ್ತಿದ್ದಳು. ಕೈ ಎತ್ತದಿದ್ದರೆ ಭುಜ ಕಟ್ಟಿಕೊಳ್ಳುತ್ತದೆಂದು ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸುವುದನ್ನು ಕಲಿಸಿದಳು. "ಇನ್ನೊಂದು ಗೇಣು, ಅಕಾ. ಕುದುರೆ ಹತ್ತೋ ಗಂಡಸು, ಗೋಡೆ ಹತ್ತೋಕಾಗಲ್ವಾ?" ಕಾರಿಡಾರಿನಲ್ಲಿ ಇಬ್ಬರೂ ಗೋಡೆಗೆ ಎದೆಯಿಟ್ಟು, ಒಂದೊಂದು ಕೈ ಎತ್ತಿ ನಿಂತಿರುತ್ತಿದ್ದರು. ಅವಳಿಗೆ ಎರಡೂ ಕಡೆ ತೆಗೆದಿದ್ದರು. ಉಡುಪಿನ ಮುಂಭಾಗ ಹಗ್ಗದ ಮೇಲೆ ಒಣಹಾಕಿದಂತೆ ನೇರಕ್ಕೆ ಇಳಿಬಿದ್ದಿರುತ್ತಿತ್ತು. ಅವಳು ಅದರ ಮೇಲೆ ಯಾವಾಗಲೂ ಒಂದು ಕೈ ಇಟ್ಟುಕೊಂಡೇ ಮಾತಾಡುತ್ತಿದ್ದಳು.

ಮಾಮಿರನಿಗೆ ಸಾವಿನ ಹೆದರಿಕೆ ಇರಲಿಲ್ಲವೆಂದಲ್ಲ. ಅದಕ್ಕಿಂತ ಬೆಗಿಮ್ಕುಲನ ಹೆದರಿಕೆ ದೊಡ್ಡದಿತ್ತು.

ಬೆಗಿಮ್ಕುಲ್ ಅವನ ಕುರ್ದಾಶ್. ಒಂದೇ ವರ್ಷ ಹುಟ್ಟಿದವರು ಕುರ್ದಾಶರು. ಅವರು ಒಬ್ಬರನ್ನೊಬ್ಬರು ಏನು ಬೇಕಾದರೂ ಆಡಿಕೊಳ್ಳಬಹುದು, ಹೆಂಡತಿ ಮಕ್ಕಳೆದುರು, ಹಿರಿಯರೆದುರು, ಮದುವೆ ಮನೆಯಲ್ಲಿ. ಕೋಪಿಸಿಕೊಂಡವನು ಸೋತ. ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ, ನಗುವನ್ನು ಬೇರೆಯವರ ಮೇಲೆ ತಿರುಗಿಸುವುದು. ಅವರ ಜೊತೆಯವನೇ ಒಬ್ಬ ಆಟದಲ್ಲಿ ಹೋತ ಎತ್ತಲು ಬಾಗಿದಾಗ ಚಡ್ಡಿ ಹರಿದಿತ್ತು. ಅವನು ಸತ್ತು ವರ್ಷವಾದ ಮೇಲೆ ಹಾಕಿದ ಊಟದಲ್ಲೂ, ಖುರಾನ್ ಓದಿ ಮುಗಿದ ಮೇಲೆ, ಆ ಚಡ್ಡಿಯ ಕತೆ ಹೇಳಿ ಕಣ್ಣೀರು ಬರುವಂತೆ ನಕ್ಕಿದ್ದರು. ಮಾಮಿರನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಹರಿದ ಚಡ್ಡಿಗೆ ಅಷ್ಟು ಆಯುಷ್ಯವಿದ್ದರೆ ಕೊಯ್ದ ಮೊಲೆಗೆ ಎಷ್ಟು? ಮೊಮ್ಮಕ್ಕಳ ಮದುವೆಯಲ್ಲೂ ಅದೇ ಇರುತ್ತದೆ. ಯಾರೂ ಬರಬೇಡಿ, ಶ್ವಾಸಕೋಶದವರ ಹತ್ತಿರ ಬಿಡುವುದಿಲ್ಲ ಎಂದು ಎಲ್ಲರಿಗೂ ಫೋನಿನಲ್ಲಿ ಹೇಳಿದ್ದ.

ಆದರೆ ರೋಗಿಯನ್ನು ನೋಡಲು ಹೋಗದೆ ಇರುವುದು ಅವರ ಊರಲ್ಲಿ ಯಾರಿಗೂ ಸಾಧ್ಯವಿಲ್ಲ.

"ಲೇ, ಸತ್ತಿದ್ದೀಯಾ ಬದುಕಿದ್ದೀಯಾ?" ಫೋನಿನಲ್ಲಿ ಬೆಗಿಮ್ಕುಲ್. "ಗೇಟ್ ಹತ್ರ ಇದ್ದೀವಿ. ನಾನು, ಅಲಿಮ್, ಇನ್ನೊಂದು ಕುರಿ. ಕುರಿಯನ್ನ ಬೇಯಿಸ್ಕೊಂಡು ತಂದಿದ್ದೀವಿ, ಹೆದರಬೇಡ."

ಮಾಮಿರ್ ಮಂಚದಿಂದ ಎದ್ದು ನಿಂತ. "ಅಲ್ಲೇ ಇರಿ. ಇಲ್ಲ, ಒಳಗೆ ಬನ್ನಿ. ಬಲಗಡೆ ಶ್ವಾಸಕೋಶದ ಕಟ್ಟಡ ಇದೆ, ಅದರ ಮುಂದೆ ಹಿಪ್ಪುನೇರಳೆ ಮರ. ಅಲ್ಲಿಗೆ ಬನ್ನಿ."

ಕೊರಳಿನಿಂದ ಹೂವಿನ ಚೀಲವನ್ನು ತೆಗೆದು ಮಂಚದ ಮೇಲೆ ಎಸೆದ. ಸೀಸೆಯನ್ನು ಕೋಟಿನ ಒಳಜೇಬಿಗೆ ತುರುಕಿದ. ಕೊಳವೆ ಜಗ್ಗಿತು, ಹಲ್ಲು ಕಚ್ಚಿ ಹಿಂದಿನ ಮೆಟ್ಟಿಲಿಳಿದು, ಅಂಗಳ ಬಳಸಿ, ಇನ್ನೊಂದು ಕಟ್ಟಡದೆದುರಿನ ಮರದಡಿಯ ಅಗಲವಾದ ಕಟ್ಟೆಯ ಮೇಲೆ, ತಾನು ಅಲ್ಲೇ ಬೆಳಗಿನಿಂದ ಕೂತಿದ್ದವನ ಹಾಗೆ ಕೂತ. ನೆಲದ ತುಂಬ ಹಣ್ಣುದುರಿ ಕಪ್ಪಾಗಿತ್ತು. ಒಂದು ಸಲ ಕೆಮ್ಮಿ ನೋಡಿದ. ಚೆನ್ನಾಗಿ ಬಂತು.

ಇಬ್ಬರೂ ಬಂದರು. ಬೆಗಿಮ್ಕುಲನ ತಲೆಯ ಮೇಲೆ ಬಿಳಿ ಉಣ್ಣೆಯ ಟೋಪಿ, ಕೈಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ. ಊರಿನ ಇನ್ನೊಬ್ಬ ಗೆಳೆಯ ಅಲಿಮ್ ಕುದುರೆ ಹಾಲಿನ ಸೀಸೆಗಳನ್ನು ಮಗುವಿನಂತೆ ಅಪ್ಪಿಕೊಂಡಿದ್ದ. ಕೂತರು, ಆಮೀನ್ ಎಂದು ಮುಖ ಸವರಿಕೊಂಡರು. ಮಾಮಿರ್ ಕೆಮ್ಮಿದ.

"ಚೆನ್ನಾಗಿ ಕೆಮ್ತೀಯ," ಎಂದ ಬೆಗಿಮ್ಕುಲ್.

"ಒಳಗೆಲ್ಲ ಹೊಗೆ."

"ನಿನ್ನ ಕುದುರೆ ಮಾತ್ರ ಹುಲ್ಲು ಮುಟ್ತಿಲ್ಲ. ನಿನಗೋಸ್ಕರ ಅಂದ್ಕೋಬೇಡ. ಅದರ ಹಲ್ಲಲ್ಲಿ ಏನೋ ಆಗಿದೆ."

ಅಲಿಮ್ ನಕ್ಕ. ಮಾಮಿರನೂ ನಕ್ಕ. ಕೋಟಿನೊಳಗೆ ಬೆಚ್ಚಗೆ ಏನೋ ಹರಿದಂತಾಯಿತು. ಬೆಗಿಮ್ಕುಲ್ ಪಾತ್ರೆ ಬಿಚ್ಚಿ ಒಳ್ಳೆಯ ತುಂಡನ್ನು ಆರಿಸಿ ಅವನ ಕೈಗಿಟ್ಟ. ಹುಲ್ಲುಗಾವಲಿಗೆ ಯಾರು ಹೋದರು, ಯಾರ ಮನೆಗೆ ಸೊಸೆ ಬಂದಳು ಎಂದು ಅಲಿಮ್ ಹೇಳತೊಡಗಿದ. ಬಿಸಿಲು ಹಿತವಾಗಿತ್ತು. ಗೆದ್ದೆ ಎಂದು ಮಾಮಿರನಿಗೆ ಅನಿಸುತ್ತಿರುವಾಗಲೇ ಹವಾಖಾನ್ ಅಂಗಳ ದಾಟಿ ಬಂದಳು.

ಬೇಗ ನಡೆದು ಅವಳಿಗೆ ಏದುಸಿರು ಬಂದಿತ್ತು. ಕೈಯಲ್ಲಿ ಆ ಚೀಲವಿತ್ತು.

"ಅಕಾ, ಇಲ್ಲಿದ್ದೀರಾ? ಎಲ್ಲ ಕಡೆ ಹುಡುಕಿದೆ. ಪಟ್ಟಿ ಬದಲಾಯಿಸೋಕೆ ಕರೀತಿದ್ದಾರೆ. ಇದನ್ನ ಬಿಟ್ಟು ಬಂದಿದ್ದೀರಲ್ಲ, ಕೊಳವೆ ಕಿತ್ತುಬಂದ್ರೆ?"

ಹಳದಿ ಹೂವುಗಳು ಮೂವರ ನಡುವೆ ತೂಗಾಡಿದವು. ಅಲಿಮ್ ಚೀಲ ನೋಡಿದ, ಅವಳನ್ನು ನೋಡಿದ. ಬೆಗಿಮ್ಕುಲನ ಹುಬ್ಬು ಏರತೊಡಗಿತು. ಆ ಹುಬ್ಬನ್ನು ಮಾಮಿರ್ ಬಾಲ್ಯದಿಂದ ಬಲ್ಲ. ಅದು ಏರಿದ ಮೇಲೆ ಏನು ಬರುತ್ತದೆಂದೂ ಬಲ್ಲ.

"ಯಾರಮ್ಮ ನೀನು?" ಎಂದ ಮಾಮಿರ್.

ಅವಳು ಚೀಲವನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು.

"ನನಗೆ ಗೊತ್ತಿಲ್ಲ ಇವಳು," ಎಂದ ಗೆಳೆಯರ ಕಡೆ ತಿರುಗಿ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಇಬ್ಬರೂ ಇನ್ನೂ ಅವನನ್ನೇ ನೋಡುತ್ತಿದ್ದರು. ನಗು ಎಲ್ಲಿ ಬೀಳಬೇಕೆಂದು ಹುಡುಕುತ್ತ ಅವನ ತಲೆಯ ಮೇಲೇ ನಿಂತಿತ್ತು. "ಆ ಕಡೆ ಕಟ್ಟಡದವಳು ಕಣ್ರೋ. ಅಲ್ಲಿ ಹೆಂಗಸರ ಮುಂದಿನದನ್ನ ಕೊಯ್ದು ಹಲಗೆ ಮಾಡಿ ಬಿಡ್ತಾರೆ. ಆಮೇಲೆ ಹೀಗೆ ಗಂಡಸರನ್ನ ಹುಡುಕ್ಕೊಂಡು ಅಂಗಳ ಸುತ್ತುತ್ತವೆ. ಹಲಗೇನ ಯಾವನು ತಬ್ಕೋತಾನೆ? ಬೇಕಿದ್ರೆ ಅಲಿಮ್ ಒಯ್ಲಿ, ಕೊಟ್ಟಿಗೆ ಬಾಗಿಲಿಗೆ ಒಂದು ಕಡಿಮೆ ಇದೆ."

ಅಲಿಮ್ ನಕ್ಕ. ಬೆಗಿಮ್ಕುಲನೂ ನಕ್ಕ, ಸ್ವಲ್ಪ ತಡವಾಗಿ.

ಹವಾಖಾನಳ ಕೈ ಎದೆಯ ಮೇಲೆ ಹೋಯಿತು. ಅವಳ ಮುಖ ಬದಲಾಗಲಿಲ್ಲ. ಕಿವಿಗಳು ಮಾತ್ರ ರುಮಾಲಿನ ಅಂಚಿನಲ್ಲಿ ಕೆಂಪಾದವು. ಅವಳ ಕಣ್ಣು ಆ ಇಬ್ಬರನ್ನು, ಪಾತ್ರೆಯನ್ನು, ಮಾಮಿರನ ಗುಂಡಿ ಹಾಕಿದ ಕೋಟನ್ನು ಒಂದು ಸುತ್ತು ನೋಡಿತು.

"ತಪ್ಪಾಯ್ತು, ಯಜಮಾನರೇ," ಎಂದಳು. "ನಮ್ಮಲ್ಲೊಬ್ಬರ ಮನೆಯವರ ಥರ ಕಂಡ್ರಿ. ನಿಮ್ಮ ಅತಿಥಿಗಳು ಚೆನ್ನಾಗಿರಲಿ."

ಚೀಲವನ್ನು ಮಡಿಚಿ ಉಡುಪಿನ ತೋಳಿನೊಳಗೆ ಸೇರಿಸಿಕೊಂಡು, ಬಂದ ದಾರಿಯಲ್ಲೇ ಹೋದಳು. ನೆಲದ ಹಣ್ಣು ತುಳಿಯದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದಳು.

ಆಮೇಲೆ ಮೂವರೂ ಕುದುರೆ ಹಾಲು ಕುಡಿದರು. ಅಲಿಮ್ ಕಾರಿನ ಕಡೆ ಹೊರಟ ಮೇಲೆ ಬೆಗಿಮ್ಕುಲ್ ಪಾತ್ರೆಯ ಬಟ್ಟೆಯನ್ನು ಕಟ್ಟುತ್ತ, ಬಿಚ್ಚುತ್ತ ನಿಂತ.

"ಲೇ ಮಾಮಿರ್. ಗೇಟಿನವನು ಹೇಳಿದ."

"ಏನಂತ?"

"ನಿನ್ನ ಹೆಸರು ಹೇಳಿದ್ವಿ. ಎಡಗಡೆ ಹೆಂಗಸರ ಮಹಡಿ, ಅಲ್ಲಿರೋ ಗಂಡಸು ಅವನೊಬ್ಬನೇ ಅಂದ. ನಾವು ಅಲ್ಲೇ ನಿಂತು ನಕ್ಕು ಮುಗಿಸಿ ಒಳಗೆ ಬಂದ್ವಿ. ನಿನ್ನ ಮುಂದೆ ನಗಬಾರದು ಅಂತ ಅಲಿಮ್ ಹತ್ರ ಆಣೆ ಹಾಕಿಸ್ಕೊಂಡಿದ್ದೆ." ಟೋಪಿ ಸರಿಮಾಡಿಕೊಂಡ. "ಊರಿಗೆ ಗೊತ್ತಾಗಲ್ಲ. ನೀನು ಕೆಮ್ಮಿದೆ, ನಾವು ಕೆಮ್ಮು ಅಂದ್ಕೊಂಡ್ವಿ, ಮುಗೀತು. ಆ ಹೆಂಗಸಿನ ವಿಷಯದಲ್ಲಿ ನನಗೆ ಏನು ಮಾಡ್ಬೇಕು ಅಂತ ತಿಳೀಲಿಲ್ಲ. ನೀನು ತಮಾಷೆ ಮಾಡ್ದೆ. ನೀನು ಮಾಡಿದ್ಮೇಲೆ ನಾನು ನಗಲೇಬೇಕಲ್ಲ."

ಮಾಮಿರ್ ಕೋಟಿನ ಗುಂಡಿಯನ್ನು ತಿರುವುತ್ತ ಕೂತಿದ್ದ.

"ಹುಷಾರಾಗಿರಿ ನೀವು," ಎಂದ ಬೆಗಿಮ್ಕುಲ್. ನೀವು ಎಂದ. ಐವತ್ತು ವರ್ಷದಲ್ಲಿ ಒಮ್ಮೆಯೂ ಅನ್ನದವನು.

ಕೋಣೆಗೆ ಬಂದಾಗ ಚೀಲ ಮಂಚದ ಮೇಲಿತ್ತು, ಮಡಿಚಿ ಇಟ್ಟಿತ್ತು. ಕೋಟು ಬಿಚ್ಚಿದರೆ ಒಳಜೇಬು ಒದ್ದೆ. ನರ್ಸ್ ನಾಜಿರಾ ಬೈಯುತ್ತ ಪಟ್ಟಿ ಬದಲಾಯಿಸಿದಳು. ಹವಾಖಾನ್ ಆ ದಿನ ಗೋಡೆಯ ಹತ್ತಿರ ಬರಲಿಲ್ಲ. ಮಾಮಿರ್ ಒಬ್ಬನೇ ಬೆರಳು ನಡೆಸಿದ. ಕೈ ಮೊದಲಿನ ಗುರುತಿನವರೆಗೂ ಹೋಗಲಿಲ್ಲ. ಹೆಂಗಸರು ಎಂದಿನಂತೆ ಮಾತಾಡಿಸುತ್ತಿದ್ದರು. ಅಂದರೆ ಅವಳು ಯಾರಿಗೂ ಹೇಳಿರಲಿಲ್ಲ. ಅದು ಅವನಿಗೆ ಸಮಾಧಾನ ತರಬೇಕಿತ್ತು. ಇಲ್ಲಿ ಇನ್ನೂ ಒಳ್ಳೆಯವನಾಗಿಯೇ ಉಳಿದಿದ್ದೇನೆ ಎನ್ನುವುದೇ ಅವನನ್ನು ಮಂಚದಲ್ಲಿ ಹೊರಳಾಡಿಸಿತು. ಹಲಗೆ ಎಂದಾಗ ತನ್ನ ಅಂಗಿಯೊಳಗೂ ಅದೇ ಇತ್ತಲ್ಲ ಎಂದು ಹೊಳೆದದ್ದು ಆಗಲೇ.

ಬೆಳಿಗ್ಗೆ ಪಟ್ಟಿ ಕಟ್ಟುವ ಕೋಣೆಯ ಹೊರಗೆ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಹವಾಖಾನ್ ನಡುವೆ ಇದ್ದಳು. ಇವನು ಬಂದಾಗ ಅವಳು ಸರಿದು ಜಾಗ ಮಾಡಲಿಲ್ಲ. ಬೇರೆ ಯಾರೋ ಮಾಡಿದರು. ಮಾಮಿರ್ ಕೂರಲಿಲ್ಲ. ತಪ್ಪು ಮಾಡಿದ್ದು ಜನರ ಮುಂದೆ, ಒಪ್ಪುವುದೂ ಜನರ ಮುಂದೆಯೇ ಆಗಬೇಕು ಎಂದುಕೊಂಡು ಬಂದಿದ್ದ. ಅವನ ಊರಲ್ಲಿ ಹಾಗೆಯೇ ಮಾಡುತ್ತಾರೆ.

"ನಿನ್ನೆ ನಾನು ಇವರ ಬಗ್ಗೆ ಕೆಟ್ಟ ಮಾತಾಡಿದೆ," ಎಂದ. ಟೋಪಿ ಕೈಯಲ್ಲಿತ್ತು. "ಊರಿನವರ ಮುಂದೆ. ಗೊತ್ತಿದ್ದೂ ಗೊತ್ತಿಲ್ಲ ಅಂದೆ. ತಪ್ಪಾಯ್ತು."

ಬೆಂಚಿನವರೆಲ್ಲ ಹವಾಖಾನಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ ನೆಲವನ್ನು ನೋಡುತ್ತಿದ್ದಳು. ಅವಳ ಕಿವಿ ನಿನ್ನೆಯ ಹಾಗೆಯೇ ಕೆಂಪಾಯಿತು.

"ಏನಂದ್ರಿ ಅಕಾ?" ತುದಿಯಲ್ಲಿದ್ದ ದಪ್ಪನೆಯ ಹೆಂಗಸು ಕೇಳಿದಳು. ಆಸೆಯಿಂದಲೇ ಕೇಳಿದಳು, ಇಲ್ಲಿ ದಿನಗಳು ಉದ್ದ. "ಏನಂದ್ರಿ ಹೇಳಿ, ನಾವೇ ತೀರ್ಪು ಕೊಡ್ತೀವಿ."

ಆಗ ತಿಳಿಯಿತು ಮಾಮಿರನಿಗೆ. ಇಬ್ಬರು ಗಂಡಸರ ಕಿವಿಗೆ ಬಿದ್ದ ಮಾತನ್ನು ಈಗ ಎಂಟು ಹೆಂಗಸರೆದುರು ಮತ್ತೆ ಹೇಳಬೇಕು. ಕೂತಿರುವ ಎಂಟು ಜನರಿಗೂ ಅದು ತಗಲುವ ಮಾತು. ಹೇಳದಿದ್ದರೆ ಅವರು ಅವಳನ್ನು ಬಿಡುವುದಿಲ್ಲ. ಇಡೀ ದಿನ ಕೆದಕುತ್ತಾರೆ. ಬಾಯಿ ತೆರೆದ.

"ನನ್ನ ಗೊರಕೆ," ಎಂದಳು ಹವಾಖಾನ್.

"ಏನು?"

"ನಾನು ಗೊರಕೆ ಹೊಡೀತೀನಂತೆ. ಗೋಡೆ ದಾಟಿ ಕೇಳುತ್ತಂತೆ. ಕತ್ತೆ ಕಟ್ಟಿಹಾಕಿದ ಹಾಗಿದೆ ಅಂತ ಊರೋರ ಮುಂದೆ ಹೇಳಿದ್ರು."

ಬೆಂಚು ಪೂರ್ತಿ ನಕ್ಕಿತು. ಹೊಲಿಗೆ ನೋಯುತ್ತದೆಂದು ಕಂಕುಳು ಒತ್ತಿಹಿಡಿದುಕೊಂಡು ನಕ್ಕರು. "ಅದು ನಿಜವೇ!" ಎಂದಳು ದಪ್ಪನೆಯವಳು. "ಅಕಾ, ನೀವು ತಪ್ಪೊಪ್ಪೋದು ಯಾಕೆ? ನಾವು ಹೇಳೋಕೆ ನಾಚ್ಕೊಂಡು ಕೂತಿದ್ವಿ. ಕತ್ತೆ ಅಲ್ಲ, ಎರಡು ಕತ್ತೆ." ಇನ್ನೊಬ್ಬಳು ಗೊರಕೆಯನ್ನು ಮಾಡಿಯೇ ತೋರಿಸಿದಳು. ಹವಾಖಾನ್ ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು, ತನ್ನ ಮೇಲೆ ಬೀಳುತ್ತಿದ್ದ ನಗುವಿನ ಕೆಳಗೆ ನೆಟ್ಟಗೆ ಕೂತಿದ್ದಳು.

"ನೋಡಿ, ಮುಖ ಹೇಗೆ ಮಾಡ್ಕೊಂಡು ನಿಂತಿದ್ದಾರೆ," ಎಂದರು ಯಾರೋ. "ನಗ್ರಿ ಅಕಾ. ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?"

ಎಂಟು ಮುಖಗಳು ಅವನಿಗಾಗಿ ಕಾದವು. ಅವಳದ್ದು ಮಾತ್ರ ಈ ಕಡೆ ತಿರುಗಲಿಲ್ಲ.

ಮಾಮಿರ್ ನಕ್ಕ.